ಹೊಸ ಪಂಪಿನ ಮೊದಲ ದಿನಗಳು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹೊನ್ನಾವರದ ಒಂದು ಲಾಂಚು ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದೆ. ಶರಾವತಿಗೆ ಆಗಿನ್ನೂ ಸೇತುವೆ ಇರಲಿಲ್ಲ. ಭಟ್ಕಳದ ಕಡೆ ಹೋಗುವವರು ಬಸ್ಸಿಳಿದು ನಮ್ಮ ಲಾಂಚು ಹತ್ತಬೇಕು. ಎಂಜಿನ್ನಿಗೆ ತಂಪು ಕೊಡುವ ನೀರಿನ ಪಂಪು ಕೆಟ್ಟಿತೋ, ಲಾಂಚು ನಡುಹೊಳೆಯಲ್ಲಿ ನಿಂತಿತೆಂದೇ ಅರ್ಥ.

ಕುಮಟೆಯಲ್ಲಿದ್ದ ಮ್ಯಾನೇಜರರ ಕಟ್ಟಪ್ಪಣೆ: ಆರು ತಿಂಗಳಾದ ಪಂಪು ಚೆನ್ನಾಗಿ ಓಡುತ್ತಿದ್ದರೂ ಕಿತ್ತು ಹೊಸದು ಹಾಕಬೇಕು. ನಾನೂ ಅದನ್ನು ನಂಬಿದ್ದೆ. ಆದರೆ ಯಾವ ಪಂಪು ಯಾವತ್ತು ಕೂಡಿಸಿದ್ದು, ಯಾವತ್ತು ಕೆಟ್ಟಿದ್ದು ಎಂದು ಎರಡು ವರ್ಷ ಬರೆದಿಟ್ಟು ನೋಡಿದರೆ ಬೇರೆಯೇ ಕಂಡಿತು. ಕೆಟ್ಟವುಗಳಲ್ಲಿ ಹೆಚ್ಚಿನವು ಹಾಕಿದ ವಾರದೊಳಗೇ ಕೆಟ್ಟಿದ್ದವು. ಆ ವಾರ ದಾಟಿದ್ದು ಸುಲಭಕ್ಕೆ ಕೈಕೊಡುತ್ತಿರಲಿಲ್ಲ. ಪಳಗಿದ್ದನ್ನು ಕಿತ್ತೆಸೆದು ಅಪಾಯವನ್ನು ನಾವೇ ತಂದು ಕೂಡಿಸುತ್ತಿದ್ದೆವು.

ಬರೆದಿಟ್ಟ ಪುಸ್ತಕ ಹಿಡಿದು ಕುಮಟೆಗೆ ಹೋದೆ. ಮ್ಯಾನೇಜರರು ಅದನ್ನು ಬಿಚ್ಚಲೇ ಇಲ್ಲ.

"ಹೊಸದು ಹಾಕಿದ್ರೆ ಹಾಳಾಗ್ತದೆ ಅಂತೀರಿ! ಯಾವ ಕಾಲೇಜಲ್ಲಿ ಕಲಿಸಿದ್ರು ಇದನ್ನ? ಸರಾಸರಿ ಎಷ್ಟು ದಿನ ಬಾಳ್ತದೆ, ಅದೊಂದು ಹೇಳಿ."

"ಸರಾಸರಿ ನೋಡಿದ್ರೆ ಇದು ಕಾಣೋದೇ ಇಲ್ಲ ಸರ್."

"ಮಳೆಗಾಲಕ್ಕೆ ಮೊದ್ಲು ಎಲ್ಲಾ ಬದಲ್ಸಿ. ಆತು, ಹೊರಡಿ."

ಬದಲಿಸಿದೆವು. ಮೂರನೆಯ ದಿನ, ಇಳಿತದ ಹೊತ್ತಿನಲ್ಲಿ, ಜನ ತುಂಬಿದ್ದ ಲಾಂಚು ಹೊಸ ಪಂಪು ಕೆಟ್ಟು ನಿಂತು, ಹೊಳೆ ಸಮುದ್ರ ಸೇರುವ ಅಳಿವೆಯತ್ತ ಜಾರತೊಡಗಿತು. ಹೆಂಗಸರು ಕೂಗುವುದು ದಡಕ್ಕೆ ಕೇಳುತ್ತಿತ್ತು. ನಾನು ದಡದಲ್ಲಿ ನಿಂತಿದ್ದೆ, ಮಾಡುವಂಥದ್ದೇನೂ ಇರಲಿಲ್ಲ. ಮೀನುಗಾರರು ದೋಣಿಗಳಿಂದ ಹಗ್ಗ ಎಸೆದು ಎಳೆತಂದರು. ಎಲ್ಲರೂ ಬದುಕಿದರು. ಇಳಿದು ಬಂದ ಮುದುಕಿಯೊಬ್ಬಳು ನನ್ನ ಮುಖ ನೋಡಿ, "ನಿಮ್ಗೆ ಎಂತ ಆಗ್ಬೇಕು, ದಡದಲ್ಲಿ ನಿಂತವ್ರಿಗೆ?" ಎಂದಳು. ಎಲ್ಲ ಗೊತ್ತಿದ್ದೂ ಹಾಕಿಸಿದವನು ನಾನೇ.

ಕುಮಟೆಯಿಂದ ಕಾಗದ ಬಂತು: ಕಾರಣ, ಎಂಜಿನಿಯರರ ನಿಷ್ಕಾಳಜಿ. ಇನ್ನು ಮೇಲೆ ಮೂರು ತಿಂಗಳಿಗೊಮ್ಮೆ ಪಂಪು ಬದಲಿಸತಕ್ಕದ್ದು.

ಕಾಗದ ಹರಿದುಹಾಕುವಷ್ಟು ಸಿಟ್ಟು ಬಂದಿತ್ತು. ಮರುದಿನ ನೋಡಿದರೆ, ನಮ್ಮ ಎಂಜಿನ್ ರಿಪೇರಿ ಮಾಡುತ್ತಿದ್ದ ಭಟ್ಕಳದ ಮಿಸ್ತ್ರಿ ವರ್ಕ್‌ಶಾಪಿನಲ್ಲಿ ಪೀಪಾಯಿ ತುಂಬ ನೀರಿಟ್ಟು ಹೊಸ ಪಂಪೊಂದನ್ನು ಓಡಿಸುತ್ತಿದ್ದರು.

"ಸಾಯೂದಾದ್ರೆ ಇಲ್ಲೇ ಸಾಯ್ಲಿ ಸಾಹೇಬ್ರೆ, ಹೊಳೆ ನಡು ಬ್ಯಾಡ. ಎಂಟ್ ದಿನ ಓಡ್ಲಿ, ಆಮೇಲೆ ಹಾಕುವಾ."

ನನ್ನ ಎರಡು ವರ್ಷದ ಬರಹಕ್ಕೆ ಅವರು ಒಂದು ಪೀಪಾಯಿಯಲ್ಲಿ ಉತ್ತರ ಕೊಟ್ಟಿದ್ದರು. ಅಂದಿನಿಂದ ಪ್ರತಿ ಹೊಸ ಪಂಪನ್ನೂ ಹಾಗೆ ಓಡಿಸಿಯೇ ಹಾಕಿದೆವು. ಲಾಂಚು ನಡುಹೊಳೆಯಲ್ಲಿ ನಿಲ್ಲುವುದು ಬಹುತೇಕ ತಪ್ಪಿತು. ಮ್ಯಾನೇಜರರು ಅದು ತಮ್ಮ ಮೂರು ತಿಂಗಳ ನಿಯಮದ ಫಲವೆಂದು ಮೇಲಕ್ಕೆ ಬರೆದರು. ನಾನು ರಾಜೀನಾಮೆ ಕೊಟ್ಟೆ.

ಮುಂದೆ ಗಣಿತ ಕಲಿತು, ಯಂತ್ರದ ಭಾಗಗಳು ಯಾವ ವಯಸ್ಸಿನಲ್ಲಿ ಕೆಡುತ್ತವೆಂದು ಲೆಕ್ಕ ಹಾಕುವ ರೀತಿಯನ್ನು ಪ್ರಬಂಧವಾಗಿ ಬರೆದೆ. ಅದೇ ನನ್ನ ಜೀವಮಾನದ ಕೆಲಸವಾಯಿತು. ಮೊದಲ ಪ್ರಬಂಧದಲ್ಲಿ ಮಿಸ್ತ್ರಿಯವರ ಹೆಸರೂ ಇರಲೆಂದು ಪತ್ರಿಕೆಯ ಸಂಪಾದಕರನ್ನು ಕೇಳಿಕೊಂಡೆ. ಮಿಸ್ತ್ರಿಗೆ ಪದವಿ ಇಲ್ಲವಲ್ಲ ಎಂದು ಅವರು ಅದನ್ನು ತೆಗೆದುಹಾಕಿದರು.