ಬಲಕ್ಕೊಂದು, ಎಡಕ್ಕೊಂದು ಹೂವು

ಪುಟ್ಟರಂಗಯ್ಯ ತೀರಿಕೊಂಡ. ೧೯೮೫ರ ಗೌರಿಹಬ್ಬದ ಮಧ್ಯಾಹ್ನ, ತುಮಕೂರಿನ ತನ್ನ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ. ಹೃದಯ ನಿಂತಿದೆ ಎಂದರು ಡಾಕ್ಟರು. ನಾನು ಪಕ್ಕದ ಎಲೆಯಲ್ಲಿದ್ದೆ.

ಶಿರಾ ಗೇಟಿನಲ್ಲಿ ಅವನದೊಂದು ಸೈಕಲ್ ಶಾಪ್ ಇತ್ತು. ಗುಬ್ಬಿಯ ಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ನಾನು ಮೇಷ್ಟರಾದೆ, ಅವನು ಪಂಕ್ಚರ್ ಹಾಕುತ್ತ ಹಾಕುತ್ತ ಸ್ವಂತ ಅಂಗಡಿ ಮಾಡಿದ. ಒಳ್ಳೆಯ ಮನುಷ್ಯ ಎಂದು ಈಗ ಎಲ್ಲರೂ ಹೇಳುತ್ತಿದ್ದಾರೆ. ಹೌದು. ಆದರೆ ಅವನಷ್ಟು ಹೊಟ್ಟೆಕಿಚ್ಚಿನವನನ್ನೂ ನಾನು ನೋಡಿಲ್ಲ. ಅದನ್ನು ಬಿಟ್ಟು ಬರೆದರೆ ಬೇರೆ ಯಾರ ಬಗ್ಗೆಯೋ ಬರೆದಂತಾಗುತ್ತದೆ.

ಅವನ ಹೆಂಡತಿ ಚೆನ್ನಮ್ಮ ಕುಣಿಗಲ್ ತಾಲ್ಲೂಕಿನ ಅಮೃತೂರಿನವಳು. ಹುಟ್ಟಿದಾಗಲೇ ಅವಳನ್ನು ತಾಯಿಯ ತಮ್ಮ ಕದರಯ್ಯನಿಗೆ ಎಂದು ಮಾತಾಡಿಕೊಂಡಿದ್ದರು. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ಹೊಸದೇನಲ್ಲ. ಅದು ಮುರಿಯಿತು. ಹುಡುಗಿಯ ಅಪ್ಪ ಬೇಡವೆಂದ ಎಂದು ಕೆಲವರು, ಕದರಯ್ಯನೇ ಒಲ್ಲೆ ಎಂದ ಎಂದು ಇನ್ನು ಕೆಲವರು. ಚೆನ್ನಮ್ಮನಿಗೆ ಏನು ಬೇಕಿತ್ತು ಎಂದು ಯಾರೂ ಕೇಳಲಿಲ್ಲ. ಪುಟ್ಟರಂಗಯ್ಯನಿಗೆ ಕೊಟ್ಟರು. ಕದರಯ್ಯ ಮದುವೆಯನ್ನೇ ಆಗಲಿಲ್ಲ.

ಹಾಗೆಂದು ಅವನು ದೂರ ಉಳಿಯುವ ಹಾಗೂ ಇರಲಿಲ್ಲ. ಚೆನ್ನಮ್ಮನಿಗೆ ಅಣ್ಣತಮ್ಮಂದಿರಿಲ್ಲ, ಅಪ್ಪನೂ ಬೇಗ ಹೋದ. ಗೌರಿಹಬ್ಬಕ್ಕೆ ತವರಿನ ಸೀರೆ, ಬಾಗಿನ ತರಬೇಕಾದವನು ಕದರಯ್ಯನೇ. ವರ್ಷವರ್ಷವೂ ತೆಂಗಿನಕಾಯಿ ಮೂಟೆಯೊಂದಿಗೆ ಬಸ್ಸಿಳಿದು ಬರುತ್ತಿದ್ದ. ಪುಟ್ಟರಂಗಯ್ಯ ಕಾಲಿಗೆ ನೀರು ಕೊಟ್ಟು "ಬಾ ಮಾವ" ಎನ್ನುತ್ತಿದ್ದ. ಅವತ್ತಿಗೆ ತಾನೂ ಒಂದು ಸೀರೆ ತಂದಿರುತ್ತಿದ್ದ, ಮಾವನದಕ್ಕಿಂತ ಹೆಚ್ಚಿನ ಬೆಲೆಯದು. ಚೆನ್ನಮ್ಮ ಎರಡನ್ನೂ ಮಡಿಸಿ ಟ್ರಂಕಿನಲ್ಲಿಡುತ್ತಿದ್ದಳು. ಅವಳು ನಲ್ಲಿಗೆ ನೀರಿಗೆ ಹೋದಾಗ ಇವನು ಟ್ರಂಕು ತೆಗೆದು ಯಾವುದು ಮೇಲಿದೆ ಎಂದು ನೋಡುತ್ತಿದ್ದ. ಮಾವನ ಸೀರೆ ಮೇಲಿದ್ದರೆ ಅದೇ ಇಷ್ಟ ಎಂದು ಅರ್ಥ. ಕೆಳಗಿದ್ದರೆ ಬಚ್ಚಿಟ್ಟಿದ್ದಾಳೆ ಎಂದು ಅರ್ಥ.

"ಎರಡರಲ್ಲೂ ನೀನೇ ಸೋಲ್ತೀಯಲ್ಲೋ," ಎಂದೆ.

"ಗೆಲ್ಲೋ ದಾರಿ ಇದ್ರೆ ನೀನೇ ಹೇಳು ಪಟ್ಟಾಭಿ. ಓದಿದೋನು ನೀನು."

ಮಗಳ ಕಿವಿ ಚುಚ್ಚಿಸುವ ದಿನ ಸೋದರಮಾವನ ಸ್ಥಾನದಲ್ಲಿ ಕದರಯ್ಯನೇ ಕೂತು ಮಗುವನ್ನು ತೊಡೆಯ ಮೇಲಿಟ್ಟುಕೊಂಡ. ಅಕ್ಕಸಾಲಿ ಇನ್ನೇನು ಚುಚ್ಚಬೇಕು, ಪುಟ್ಟರಂಗಯ್ಯ ಮುಂದೆ ಬಂದ. "ಕೊಡಿಲ್ಲಿ, ನಾನೇ ಹಿಡ್ಕತೀನಿ."

ಅವನ ತಾಯಿ ದೊಡ್ಡಗಂಗಮ್ಮ ಸುಮ್ಮನಿರುವವಳಲ್ಲ. "ಏನ್ಲಾ, ಅಪ್ಪನ ತೊಡೆ ಮ್ಯಾಲೆ ಕಿವಿ ಚುಚ್ಚುಸ್ತಾರೇನ್ಲಾ? ನೋಡ್ದೋರು ನಕ್ಕಾರು. ಸರಿ ಅತ್ಲಾಗೆ."

ಮಗು ಕಿರುಚಿ ಕದರಯ್ಯನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಹಿತ್ತಿಲಿಗೆ ಹೋದ ಪುಟ್ಟರಂಗಯ್ಯ ಊಟಕ್ಕೆ ಕರೆದರೂ ಬರಲಿಲ್ಲ.

"ನಿಜ ಗೊತ್ತಾದ್ರೆ ಸಾಕು ಕಣೋ," ಎಂದ ನನ್ನ ಹತ್ತಿರ. "ಅವ್ಳ ಮನಸ್ಸು ಇನ್ನೂ ಅವ್ನ ಮೇಲೈತೆ ಅಂದ್ರೂ ತಡ್ಕತೀನಿ. ಇಲ್ಲ ಅಂದ್ರೆ ಬದುಕ್ಕಂತೀನಿ. ಮಧ್ಯದಾಗೆ ಸಾಯ್ತಾ ಇದೀನಿ."

"ಅವಳನ್ನೇ ಕೇಳು."

"ಇಲ್ಲ ಅಂತಾಳೆ. ನಂಬೋದು ಹೆಂಗೆ?"

ಕೊನೆಗೆ ನನ್ನನ್ನೂ ಕರೆದುಕೊಂಡು ದೇವರನ್ನು ಕೇಳಲು ಹೊರಟ. ಗುಬ್ಬಿಯ ಆಚೆ ಅವನ ಮನೆದೇವರು ರಂಗನಾಥನ ಗುಡಿ. ಅಲ್ಲಿ ಹೂ ಕೇಳುತ್ತಾರೆ. ಪೂಜಾರಿ ದೇವರ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸುತ್ತಾನೆ, ಭಕ್ತ ಮನಸ್ಸಿನಲ್ಲೇ ಪ್ರಶ್ನೆ ಕೇಳುತ್ತಾನೆ. ಬಲದ ಹೂ ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಪುಟ್ಟರಂಗಯ್ಯ ಕಣ್ಣು ಮುಚ್ಚಿ ಕೈಮುಗಿದು ನಿಂತ. ಬಹಳ ಹೊತ್ತಾಯಿತು. ಆಮೇಲೆ ಎರಡೂ ಹೂ ಒಟ್ಟಿಗೇ ಬಿದ್ದವು.

ಪೂಜಾರಿ ವೆಂಕಟರಂಗಯ್ಯ ದೀಪ ಎತ್ತಿ ಹಿಡಿದು ನೋಡಿದ. "ಇದೇನಪ್ಪಾ, ಎರಡೂ ಕೊಟ್ಬುಟ್ಟವ್ನೆ! ಎರಡು ಪ್ರಶ್ನೆ ಕೇಳ್ದೇನೋ?"

"ಇಲ್ಲ ಸ್ವಾಮಿ, ಒಂದೇ."

"ಹಂಗಾದ್ರೆ ಎರಡೂ ದಿಟವೇ ಇರ್ಬೇಕು. ಇನ್ನೊಂದ್ಸಲ ಕೇಳ್ಬ್ಯಾಡ, ಕ್ವಾಪ ಬತ್ತದೆ."

ಒದ್ದೆ ಹೂ ಒಣಗಿದರೆ ಬೀಳುತ್ತದೆ, ಅಷ್ಟೇ, ಎಂದು ನಾನು ಬಸ್ಸಿನಲ್ಲಿ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಪ್ರಸಾದದ ಹೂವನ್ನು ಬಲಗಿವಿಗೊಂದು, ಎಡಗಿವಿಗೊಂದು ಸಿಕ್ಕಿಸಿಕೊಂಡು ಕೂತಿದ್ದ. "ಏನ್ ಯಜಮಾನ್ರೇ, ಮದ್ವೆ ಗಂಡಾ?" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ಪುಟ್ಟರಂಗಯ್ಯನೂ ನಕ್ಕ. ಹೂ ಮಾತ್ರ ತೆಗೆಯಲಿಲ್ಲ.

ಅಂದಿನಿಂದ ಟ್ರಂಕು ತೆಗೆದು ನೋಡುವುದನ್ನು ಬಿಟ್ಟ. ಗೌರಿಹಬ್ಬದ ದಿನ ತಾನೇ ಬಸ್ ಸ್ಟ್ಯಾಂಡಿಗೆ ಹೋಗಿ, ಮೂಟೆಯನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ, ಮಾವನ ಜೊತೆ ಮಾತಾಡುತ್ತ ತಳ್ಳಿಕೊಂಡು ಬರತೊಡಗಿದ. ಒಂದು ವರ್ಷ ಅವನಿಗೆ ಟೈಫಾಯಿಡ್ ಆಗಿ ಮಲಗಿದಾಗ ಕದರಯ್ಯ ಎಳನೀರು ತೆಗೆದುಕೊಂಡು ಬಂದು, ಜ್ವರ ಇಳಿಯುವವರೆಗೂ ಜಗಲಿಯಲ್ಲೇ ಮಲಗಿದ್ದ. ಆಗ ನಾನು ನೋಡಲು ಹೋಗಿದ್ದೆ. "ನಂಗೋಸ್ಕರ ಬಂದವ್ನೋ, ಅವ್ಳಿಗೋಸ್ಕರ ಬಂದವ್ನೋ," ಎಂದು ಗೊಣಗಿ, ಎಳನೀರನ್ನು ಒಂದು ತೊಟ್ಟೂ ಬಿಡದೆ ಕುಡಿದ.

"ಹೊಟ್ಟೆಕಿಚ್ಚು ಇನ್ನೂ ಹೋಗಿಲ್ವೇನೋ?"

"ಎಲ್ಲಿಗೋಗ್ತೈತೆ? ಉರೀತಾನೇ ಐತೆ. ಅದ್ರ ಮೇಲೇ ಅನ್ನ ಬೇಯಿಸ್ಕಂಡು ಉಣ್ಣೋದು ಕಲ್ತೆ."

ಆ ಮಾತು ನನಗೆ ಅರ್ಥವಾಯಿತು ಎಂದು ಈಗಲೂ ಧೈರ್ಯವಾಗಿ ಹೇಳಲಾರೆ. ಅವನು ಮೊದಲಿಗಿಂತ ಚೆನ್ನಾಗಿ ನಿದ್ದೆ ಮಾಡುತ್ತಿದ್ದ, ಮೊದಲಿಗಿಂತ ಜಾಸ್ತಿ ನಗುತ್ತಿದ್ದ. ಅಷ್ಟು ಬಲ್ಲೆ. ಚೆನ್ನಮ್ಮ ಯಾವ ಸೀರೆ ಉಟ್ಟರೂ ಒಂದು ಗಳಿಗೆ ಅವನ ಮುಖ ಬಿಗಿಯುತ್ತಿದ್ದದ್ದೂ ನಿಜ.

ಈ ಸಲದ ಹಬ್ಬಕ್ಕೆ, ಪುಟ್ಟರಂಗಯ್ಯನ ಕೊನೆಯ ದಿನ, ಕದರಯ್ಯ ಬಂದಾಗ ತುಂಬ ಇಳಿದುಹೋಗಿದ್ದ. ನಾವು ಮೂವರೂ ಎಲೆಯ ಮುಂದೆ ಕೂತೆವು. ಒಬ್ಬಟ್ಟು ಬಡಿಸಿಯಾಗಿತ್ತು. ಕದರಯ್ಯ ಊಟಕ್ಕೆ ಕೈಹಾಕದೆ ತಲೆ ತಗ್ಗಿಸಿ ಹೇಳಿದ:

"ಅಳಿಮಯ್ಯ, ನೀವು ನನ್ನ ಹತ್ರ ಒಂದು ಮಾತು ಕೇಳ್ಬೇಕು ಅಂತ ಮದ್ವೆ ದಿನದಿಂದ ಹಲ್ಲುಕಚ್ಕಂಡಿದೀರಿ. ನಂಗೆ ಗೊತ್ತಿಲ್ದೇ ಏನಿಲ್ಲ. ಇವತ್ತು ಕೇಳ್ಬುಡಿ. ಇದ್ದಿದ್ ಇದ್ದಂಗೆ ಹೇಳ್ತೀನಿ. ಬರೋ ವರ್ಷ ಇರ್ತೀನೋ ಇಲ್ವೋ."

ತುಪ್ಪದ ಗಿಂಡಿ ಹಿಡಿದು ಬಂದ ಚೆನ್ನಮ್ಮ ಅಡಿಗೆಮನೆಯ ಬಾಗಿಲಲ್ಲೇ ನಿಂತಳು.

ಪುಟ್ಟರಂಗಯ್ಯ ಅವಳನ್ನು ನೋಡಿದ. ಆಮೇಲೆ ಅವನನ್ನು.

"ಬ್ಯಾಡ ಬುಡು ಮಾವ," ಎಂದ. "ನೀನು ಹೇಳಿದ್ರೆ ನಿನ್ಗೆ ಗೊತ್ತಿರೋಷ್ಟು ಹೇಳ್ತೀಯ. ಒಬ್ಬಟ್ಟು ಆರ್ತೈತೆ, ಉಣ್ಣು."

ಚೆನ್ನಮ್ಮ ಮುಂದೆ ಬಂದು, ಕದರಯ್ಯನ ಎಲೆಗೆ ಬಡಿಸಲು ಬಗ್ಗಿದಳು. ಪುಟ್ಟರಂಗಯ್ಯ ಥಟ್ಟನೆ ಎದ್ದ. "ಕೊಡಿಲ್ಲಿ," ಎಂದು ಗಿಂಡಿಯನ್ನು ಅವಳ ಕೈಯಿಂದ ಕಿತ್ತುಕೊಂಡ. ತಾನೇ ಬಗ್ಗಿ ಸುರಿಯತೊಡಗಿದ.

"ಸಾಕು ಅಳಿಮಯ್ಯ, ಸಾಕು," ಎಂದು ಕದರಯ್ಯ ಎಲೆಗೆ ಕೈ ಅಡ್ಡ ಹಿಡಿದ.

"ಸಾಕು ಅನ್ನೋಕೆ ನೀನ್ಯಾರು? ಮನೆ ನಂದು," ಎಂದು ಅವನ ಕೈಯನ್ನು ಪಕ್ಕಕ್ಕೆ ಸರಿಸಿ, ಒಬ್ಬಟ್ಟು ಮುಳುಗಿ, ತುಪ್ಪ ಎಲೆಯ ಅಂಚು ದಾಟಿ ನೆಲಕ್ಕೆ ಹರಿಯುವವರೆಗೂ ಸುರಿದ.