ರಾಯರ ಕ್ರಾಪು

ರಾಜಾಜಿನಗರದ ಹೊಸ ಬಡಾವಣೆಗೆ ಬೀದಿದೀಪ ಬರುವ ಮೊದಲೇ ವೆಂಕಟಗಿರಿರಾಯರ ಜಗುಲಿಗೆ ಸ್ವಾತಂತ್ರ್ಯ ಬಂದಿತ್ತು. ದಾರಿ ಕೇಳಲು ನಿಂತವರಿಗೂ ಅವರು, “ಎಡಕ್ಕೋ ಬಲಕ್ಕೋ, ಅದು ನಿಮ್ಮ ಸ್ವಂತ ಇಚ್ಛೆ ಸ್ವಾಮೀ! ಹೇಳೋಕೆ ನಾನ್ಯಾರು?” ಎಂದು ಅರ್ಧ ಗಂಟೆ ಉಪದೇಶ ಮಾಡಿ, ದಾರಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿ ಕಳಿಸುತ್ತಿದ್ದರು. ತಾವು ಜುಟ್ಟು ಕತ್ತರಿಸಿ ಕ್ರಾಪು ಬಿಟ್ಟ ದಿನ, ದೇಶಕ್ಕೆ ಸ್ವಾತಂತ್ರ್ಯ ಬಂದ ದಿನಕ್ಕಿಂತ ಒಂದು ತೂಕ ಹೆಚ್ಚೆಂದೇ ಅವರ ನಂಬಿಕೆ. ಮಠದ ಕಡೆಯವರು ಯಾರಾದರೂ ಬಂದು ಹುಬ್ಬು ಗಂಟಿಕ್ಕಿದರೆ, ಘಮಘಮಿಸುವ ಎಣ್ಣೆ ಸವರಿದ ಕೂದಲಲ್ಲಿ ಬಾಚಣಿಗೆ ಆಡಿಸುತ್ತಾ, “ನನ್ನ ತಲೆ ನಂದು! ಜನ ಏನಂತಾರೆ ಅಂತ ಬದುಕೋನು ಗುಲಾಮ” ಎಂದು ಗುಡುಗುತ್ತಿದ್ದರು. ವಿಧವೆ ತಾಯಿಯ ತಲೆ ಬೋಳಿಸಲು ತಿಂಗಳಿಗೊಮ್ಮೆ ಕ್ಷೌರಿಕನನ್ನು ಹಿತ್ತಿಲಿಗೆ ಕರೆತರುವವರೂ ಅವರೇ, ನಾಲ್ಕು ದಿನ ತಡವಾದರೆ, “ನೋಡಿದೋರು ಏನಂದ್ಕೊಳ್ತಾರೆ?” ಎಂದು ಚಡಪಡಿಸುವವರೂ ಅವರೇ. ಅಂಥದೊಂದು ಬೆಳಿಗ್ಗೆ ಜಗುಲಿಯ ಗುಡುಗು ಹಿತ್ತಿಲಿಗೂ ಕೇಳಿಸಿತು. ಕ್ಷೌರದ ಕತ್ತಿಗೆ ತಲೆಯೊಡ್ಡಿ ಕುಳಿತಿದ್ದ ಆ ತಾಯಿ ಕತ್ತೆತ್ತದೆಯೇ ಕೂಗಿ ಕೇಳಿದರು: “ನಿನ್ನ ತಲೆ ನಿಂದು, ಸರಿ ಕಣೋ ವೆಂಕೂ. ನನ್ನ ತಲೆ ಯಾರ್ದೋ?”