ದೊಡ್ಡಮ್ಮನ ಕೈಗುಣ ಮತ್ತು ಜಿಂಕೆಕೊಂಬಿನ ಗಿಡ

ದೊಡ್ಡಮ್ಮನ ಕೈಗುಣದಿಂದ ಸತ್ತ ಗಿಡ ಬದುಕಿತು ಎಂಬುದು ಹೊನ್ನಾಳಿಯ ನಮ್ಮ ಬೀದಿಯಲ್ಲಿ ಈಗ ಸರ್ವಸಮ್ಮತ ಇತಿಹಾಸ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮೊದಲ ವಾಕ್ಯಕ್ಕೇ ಕೈಯೆತ್ತಿ ಅಭ್ಯಾಸವಾದ ನನ್ನ ಆಕ್ಷೇಪ ಎರಡು: ಗಿಡ ಸತ್ತಿರಲಿಲ್ಲ, ಸಾಯಿಸಲು ಹೊರಟಿದ್ದೇ ಆ ಕೈ. ಆದರೂ ಪಕ್ಕದ ಮನೆಯವರು ತಮ್ಮ ಬಡಕಲು ಕರಿಬೇವಿನ ಕುಂಡ ಹೊತ್ತು ತಂದು, "ಒಂದ್ಸಲ ಮುಟ್ಟಿಕೊಡ್ರಿ ಅಮ್ಮಾರೇ" ಎನ್ನುತ್ತಾರೆ. ದೊಡ್ಡಮ್ಮನೂ ಲವಲೇಶ ಸಂಕೋಚವಿಲ್ಲದೆ ಮುಟ್ಟುತ್ತಾರೆ. ನಮ್ಮ ಬೀದಿಗೆ ಬರುವ ಬಸ್ಸನ್ನು ವಿಚಾರಶಕ್ತಿ ಇನ್ನೂ ಹತ್ತಿಲ್ಲ.

ಗಿಡ ನನ್ನ ಅಕ್ಕನದು. ಜಗಳೂರಿನಲ್ಲಿ ಶಿಕ್ಷಕಿಯಾಗಿರುವ ಅವಳಿಗೆ ಅದೇ ಶಾಲೆಯಲ್ಲಿದ್ದ ನ್ಯಾಮತಿ ಊರಿನ ಗೆಳತಿ ಶಾಹೀನಾ ಕೊಟ್ಟದ್ದು: ಹಲಗೆಗೆ ಕಟ್ಟಿದ, ಮಣ್ಣು ಬೇಡದ, ಜಿಂಕೆಯ ಕೊಂಬಿನಂತೆ ಕವಲೊಡೆದ ಎಲೆಗಳ ಜರೀಗಿಡ. ಶಾಹೀನಾ ಹೋದ ವರ್ಷ ತೀರಿಕೊಂಡಳು. ಒಣಗಾಳಿಗೆ ಕೊಂಬುಗಳು ಸುಟ್ಟು ಜೋತುಬಿದ್ದಾಗ ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದು, "ಅವಳದು ಅಂತ ನನ್ನತ್ರ ಇರೋದು ಇದೊಂದೇ, ಉಳಿಸಿಕೊಡ್ರಿ ದೊಡ್ಡಮ್ಮ" ಎಂದು ಒಪ್ಪಿಸಿ ಹೋದಳು.

ಚನ್ನಗಿರಿಯ ಅಡಿಕೆ ತೋಟದವರ ಮಗಳಾದ ದೊಡ್ಡಮ್ಮನ ಕಣ್ಣಿಗೆ ಒಣಗಿದ್ದೆಲ್ಲ ಉದುರಲೇಬೇಕಾದ ಸೋಗೆ. ಗಿಡದ ಬುಡವನ್ನು ಅಂಗೈಯಂತೆ ಮುಚ್ಚಿದ್ದ ಕಂದು ಎಲೆಯನ್ನು ಅವರು ಅಡಿಕೆ ಹಾಳೆ ಎಳೆಯುವ ಗತ್ತಿನಲ್ಲೇ ಕಿತ್ತು ತಿಪ್ಪೆಗೆಸೆದರು. ಅದು ಕಸವಲ್ಲ, ಬೇರಿನ ತೇವ ಕಾಯುವ ಕವಚ ಎಂದು ನಾನು ಫೋನಿನಲ್ಲಿ ಓದಿ ಸಾರಿದೆ.

"ಒಣಗಿದ್ದು ಇಟ್ಕಂಡು ಪೂಜೆ ಮಾಡಾಕಾಗ್ತೈತೇನೋ, ವಕೀಲಪ್ಪ?" ಎಂದರು.

ವಾದದಲ್ಲಿ ಗೆದ್ದವನು ನಾನೇ. ಗೆದ್ದ ಉಮೇದಿನಲ್ಲಿ, ಕವಚ ಕಳೆದುಕೊಂಡ ಬೇರಿಗೆ ನೀರೇ ಪರಿಹಾರವೆಂದು ತರ್ಕಿಸಿ ಬೆಳಿಗ್ಗೆಯೂ ಸಂಜೆಯೂ ಸುರಿದೆ. ಹತ್ತು ದಿನಕ್ಕೆ ಬುಡ ಕಪ್ಪಗೆ ಕೊಳೆಯತೊಡಗಿತು. ನೀವೇ ಹೇಳಿ, ಅವರ ಅನುಭವವೂ ನನ್ನ ತರ್ಕವೂ ಹೀಗೆ ಒಂದೇ ಕೊಲೆಯ ಸಮಾನ ಪಾಲುದಾರರಾದರೆ ತೀರ್ಪು ಯಾರ ಪರ? ಅಕ್ಕ ಫೋನು ಮಾಡಿ "ಹೆಂಗೈತೆ?" ಎಂದಾಗ ಇಬ್ಬರೂ ಒಂದೇ ಬಾಯಲ್ಲಿ "ಚೆನ್ನಾಗೈತೆ" ಎಂದೆವು. ನಮ್ಮ ಮನೆಯಲ್ಲಿ ನಾವಿಬ್ಬರು ತಲುಪಿದ ಏಕೈಕ ಒಮ್ಮತ ಅದು.

ಕೊನೆಗೆ ಕೊಳೆತದ್ದನ್ನು ಕತ್ತರಿಸಿ, ಹೊಸ ತೆಂಗಿನ ನಾರು ಸುತ್ತಿ, ಬಿಸಿಲು ನೇರ ಬೀಳದ ಜಗಲಿಯಲ್ಲಿ ತೂಗುಹಾಕಿದೆ. ಎತ್ತಿ ನೋಡಿದಾಗ ಹಲಗೆ ಹಗುರವೆನಿಸಿದರೆ ಮಾತ್ರ ಬಕೆಟ್ಟಿನಲ್ಲಿ ಮುಳುಗಿಸಿ ಸೋರಲು ಬಿಡುತ್ತಿದ್ದೆ. ಮಿಕ್ಕಂತೆ ನಾನು ಮುಟ್ಟದಂತೆ ಅವರು, ಅವರು ಮುಟ್ಟದಂತೆ ನಾನು ಕಾವಲು ಕೂತದ್ದೇ ನಿಜವಾದ ಚಿಕಿತ್ಸೆ. ಎರಡು ತಿಂಗಳಿಗೆ ಬುಡದಲ್ಲೊಂದು ಹಸಿರು ಬಿಲ್ಲೆಯಂಥ ಎಲೆ, ಅದರ ಹಿಂದೆ ಮಖಮಲ್ಲಿನ ಮೊನೆಯ ಕೊಂಬುಗಳು. ನಾವು ಆರೈಕೆ ಎನ್ನುವುದರಲ್ಲಿ ಬಹುಪಾಲು ನಮ್ಮದೇ ಕಳವಳದ ಉಪಶಮನ. ಗಿಡಕ್ಕೆ ಬೇಕಿದ್ದದ್ದು ನಮ್ಮಿಂದ ಬಿಡುಗಡೆ. ಈ ಬಿಡುಗಡೆಗೆ ಬೀದಿ ಇಟ್ಟ ಹೆಸರು ಕೈಗುಣ.

ಮೊನ್ನೆ ಅಕ್ಕ ಬಂದಳು. ನಳನಳಿಸುವ ಗಿಡ ಕಂಡು ದೊಡ್ಡಮ್ಮನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಖಂಡನೆಯ ಪೀಠಿಕೆ ಸಿದ್ಧವಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಒಂದೊಂದೇ ಎಲೆ ಸವರುತ್ತ ಬುಡದ ಬಳಿ ಕೈ ನಿಲ್ಲಿಸಿದಳು.

"ಇವೆಲ್ಲ ಹೊಸವು" ಎಂದು ನನ್ನತ್ತ ತಿರುಗಿದಳು. "ಶಾಹೀನಾ ಕೈಯಾಗೆ ಬೆಳೆದಿದ್ದು ಒಂದು ಕಂದು ಎಲೆ ಇತ್ತಲ್ಲೋ, ಅದನ್ನ ಎಲ್ಲಿಟ್ಟೀರಿ?"